ಸಮಾನತೆಯನ್ನು ಹೊರಗಿಟ್ಟ ಶಾಂತಿ

ಮೊದಲ ಮಹಾಯುದ್ಧದ ಬಳಿಕ 1919ರಲ್ಲಿ ಪ್ಯಾರಿಸ್‌ನಲ್ಲಿ ರೂಪುಗೊಂಡ ರಾಷ್ಟ್ರಸಂಘದ ಒಡಂಬಡಿಕೆಯನ್ನು ಶಾಂತಿಯ ಮಹಾದಾಖಲೆಯೆಂದು ಹೊಗಳುವವರಿದ್ದಾರೆ. ಅದರಿಂದ ಹೊರಗುಳಿದ ಮಾತನ್ನೂ ನಾವು ಗಮನಿಸಬೇಕು.

ರಾಷ್ಟ್ರಗಳ ಸಮಾನತೆಯ ತತ್ವವನ್ನು ಸೇರಿಸಬೇಕೆಂದು ಜಪಾನ್ ಕೇಳಿತು. ಏಪ್ರಿಲ್ 11ರಂದು ಸಮಿತಿಯಲ್ಲಿ ಹಾಜರಿದ್ದ 17 ಮಂದಿಯಲ್ಲಿ 11 ಮಂದಿ ಒಪ್ಪಿದರು. ಸರ್ವಾನುಮತವಿಲ್ಲವೆಂದು ಸಮಿತಿಯ ಅಧ್ಯಕ್ಷ, ಅಮೆರಿಕದ ವಿಲ್ಸನ್, ಅದನ್ನು ತಳ್ಳಿಹಾಕಿದರು. ಜಪಾನೂ ಆಗ ಕೊರಿಯಾವನ್ನು ತುಳಿಯುತ್ತಿತ್ತು, ನಿಜ. ಆದರೆ ಬೇಡಿಕೆ ನ್ಯಾಯವಾದುದೇ.

ಪರಾಧೀನ ಭಾರತವನ್ನೂ ಸಂಘದ ಸ್ಥಾಪಕ ಸದಸ್ಯನೆಂದರು. ಆ ಮತದಾನದ ಎರಡೇ ದಿನಕ್ಕೆ ಜಲಿಯನ್‌ವಾಲಾಬಾಗ್‌ನಲ್ಲಿ ಗುಂಡಿನ ಮಳೆಯಾಯಿತು. ಸೋತ ತುರ್ಕಿಯ ಅರಬ್ ನಾಡುಗಳಿಗೆ 22ನೇ ವಿಧಿ ಪೂರ್ಣ ಸ್ವಾತಂತ್ರ್ಯದ ಬದಲು ಪೋಷಕರನ್ನು ಕೊಟ್ಟಿತು. 1920ರಲ್ಲಿ ಪ್ಯಾಲೆಸ್ತೀನ್, ಇರಾಕ್ ಬ್ರಿಟನ್ನಿನ ಪಾಲಾದವು. ಸಿರಿಯಾ, ಲೆಬನಾನ್ ಫ್ರಾನ್ಸಿನ ಪಾಲಾದವು.

1939ರಲ್ಲಿ ಮತ್ತೆ ಯುದ್ಧ ಬಂದಾಗ ಸಂಘ ಮೂಕಪ್ರೇಕ್ಷಕ. 1945ರಲ್ಲಿ ಐದು ರಾಷ್ಟ್ರಗಳಿಗೆ ವೀಟೋ ಕೊಟ್ಟ ವಿಶ್ವಸಂಸ್ಥೆ ಕಲಿತ ಪಾಠವಾದರೂ ಏನು?