ಆರು ತಿಂಗಳ ಸೆರೆ

ಹೋದ ವಾರ ಕೊಟ್ಟ ಮಾತು ಬೇರೆಯೇ ಇತ್ತು. ಪೌಲಾನರ್‌ನವರ ಸಾಲ್ವಾಟರ್ ಮತ್ತು ಆಯಿಂಗರ್‌ನವರ ಸೆಲೆಬ್ರೇಟರ್, ಜರ್ಮನಿಯ ಈ ಎರಡು ಡೊಪ್ಪೆಲ್‌ಬಾಕ್ ಬಿಯರ್‌ಗಳನ್ನು ಎದುರುಬದುರು ಇಟ್ಟು ಅಂಕ ಹಾಕುತ್ತೇನೆ ಅಂದಿದ್ದೆ. ಮ್ಯೂನಿಕ್‌ನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಕೊಟ್ಟೂರು ತೇರಿಗೆ ಬರುವಾಗ ಎರಡನ್ನೂ ತರುವುದಿತ್ತು. ಎರಡು ಬಾಟ್ಲಿ ತಂದ, ಆದರೆ ಎರಡೂ ಸಾಲ್ವಾಟರ್. ಹೋಲಿಕೆ ಅಲ್ಲಿಗೇ ನಿಂತಿತು. ಗುರುವಾರ ಸಂಜೆಯೊಳಗೆ ಬರಹ ಹೋಗಬೇಕು. ಬುಧವಾರ ರಾತ್ರಿ ತೆಲಿಗಿಯ ಮನೆಯ ಪಡಸಾಲೆಯಲ್ಲಿ ಕೂತು ಒಂದರ ಮುಚ್ಚಳ ತೆಗೆದೆ. ಎದುರಿಗೆ ಎಂಬತ್ತರ ಹತ್ತಿರ ಬಂದಿರುವ ನಮ್ಮ ಸಣ್ಣಪ್ಪ.

ಫ್ರಿಜ್‌ನಿಂದ ತೆಗೆದು ಹದಿನೈದು ನಿಮಿಷ ಹೊರಗಿಟ್ಟಿದ್ದೆ. ನಮ್ಮ ಬೇಸಿಗೆಗೆ ಅಷ್ಟು ಸಾಕು, ಹತ್ತು ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದಾಗ ಈ ಬಿಯರ್ ಮಾತೇ ಆಡುವುದಿಲ್ಲ. ಅಗಲ ಬಾಯಿಯ ಗ್ಲಾಸಿಗೆ ಸುರಿದು ಬಲ್ಬಿಗೆ ಹಿಡಿದೆ. ದೂರದಿಂದ ಕಪ್ಪು, ಬೆಳಕು ಹಾಯ್ದಾಗ ಜೋನಿಬೆಲ್ಲದ ಕೆಂಪು. ನೊರೆ ಕೆನೆಬಣ್ಣದ್ದು, ಅವಸರವಿಲ್ಲದೆ ಇಳಿಯುವಂಥದ್ದು. ಸಣ್ಣಪ್ಪ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು, ಕುಡಿಯದೆ, ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಇದು ಹುರಿಹಿಟ್ಟಿನ ವಾಸ್ನಿ ಅಲ್ಲೇನಪಾ? ನಿಮ್ಮವ್ವ ಹುರೀತಿದ್ಲಲ್ಲ, ಹಂಗ ಐತಿ.”

ಬಿಯರ್ ತೀರ್ಪುಗಾರರ ಹಾಳೆಯಲ್ಲಿ ಒಟ್ಟು 50 ಅಂಕ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹತ್ತುವ ಮೈಗೆ 5, ಒಟ್ಟು ಅನುಭವಕ್ಕೆ 10. ಆ ಹಾಳೆ ಹಿಡಿದು ನಾನು ಎಷ್ಟೋ ಸಂಜೆ ಕಳೆದಿದ್ದೇನೆ. ವಾಸನೆಯ ಕಾಲಮ್ಮಿನಲ್ಲಿ ಬ್ರೆಡ್ಡಿನ ಮೇಲ್ಪದರ, ಟಾಫಿ, ಪ್ಲಮ್ ಎಂದು ಬರೆದಿದ್ದೇನೆ. ಪ್ಲಮ್ ಹಣ್ಣನ್ನು ನಾನು ಮೊದಲು ತಿಂದದ್ದು ಮೂವತ್ತು ದಾಟಿದ ಮೇಲೆ. ಹಾಗಿದ್ದರೂ ಆ ಪದ ಬರೆಯುತ್ತಿದ್ದೆ, ಯಾಕೆಂದರೆ ಪುಸ್ತಕದಲ್ಲಿ ಅದೇ ಇತ್ತು. ಸಣ್ಣಪ್ಪ ಒಂದೇ ಉಸಿರಿನಲ್ಲಿ ಹೇಳಿದ ಮಾತು ಆ ಹಾಳೆಗಳನ್ನೆಲ್ಲ ತಿದ್ದಿತು.

ಹುರಿಹಿಟ್ಟು ಎಂದರೆ ಏನು? ಅವ್ವ ರಾಗಿಯನ್ನು ಒಂದು ರಾತ್ರಿ ನೆನೆಹಾಕುತ್ತಿದ್ದಳು. ಬೆಳಿಗ್ಗೆ ಬಸಿದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೊಂದು ಭಾರ ಇಟ್ಟು, ಆಗಾಗ ನೀರು ಚಿಮುಕಿಸುತ್ತಿದ್ದಳು. ಎರಡು ದಿನಕ್ಕೆ ಮೊಳಕೆ ಬಟ್ಟೆ ತೂರಿ ಹೊರಗೆ ಬರುತ್ತಿತ್ತು. ನೆರಳಲ್ಲಿ ಆರಿಸಿ, ಉಜ್ಜಿ ಮೊಳಕೆ ಉದುರಿಸಿ, ಸಣ್ಣ ಉರಿಯಲ್ಲಿ ಹುರಿದು, ಬೀಸುವುದು. ಬಿಯರ್‌ಗೆ ಬಾರ್ಲಿಯನ್ನು ಮಾಲ್ಟ್ ಮಾಡುವ ಕೆಲಸವೂ ಅಕ್ಷರಶಃ ಇದೇ: ನೆನೆಸು, ಮೊಳೆಸು, ಒಣಗಿಸು, ಬೇರು ಉದುರಿಸು. ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಹುಟ್ಟುತ್ತದೆ, ಅದು ಪಿಷ್ಟವನ್ನು ಸಕ್ಕರೆಗೆ ಒಡೆಯುತ್ತದೆ. ಮೊಳಕೆ ರಾಗಿಯ ಗಂಜಿ ನೀರಾಗಿ, ಸಿಹಿಯಾಗಿ, ಮಗುವಿಗೆ ಜೀರ್ಣವಾಗುವಂತೆ ಇರುವುದು ಅದರಿಂದಲೇ. ಡೊಪ್ಪೆಲ್‌ಬಾಕ್‌ನ ಗುಟ್ಟು ಒಣಗಿಸುವ ಹಂತದಲ್ಲಿದೆ. ಮ್ಯೂನಿಕ್ ಮಾಲ್ಟ್ ಎನ್ನುವುದನ್ನು ಮಾಮೂಲಿ ಮಾಲ್ಟ್‌ಗಿಂತ ಹೆಚ್ಚು ಕಾವಿನಲ್ಲಿ, 100 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸುತ್ತಾರೆ. ಆಗ ಕಾಳಿನ ಸಕ್ಕರೆಯೂ ಪ್ರೋಟೀನೂ ಒಂದಕ್ಕೊಂದು ಹತ್ತಿ ಕಂದಾಗುತ್ತವೆ. 1912ರಲ್ಲಿ ಫ್ರಾನ್ಸಿನ ಮೈಯಾರ್ ಎಂಬ ವಿಜ್ಞಾನಿ ಈ ಕ್ರಿಯೆಯನ್ನು ವಿವರಿಸಿದ. ಹಂಚಿನ ಮೇಲೆ ಜೋಳದ ರೊಟ್ಟಿಗೆ ಏಳುವ ಕಂದು ಚುಕ್ಕೆ, ಶೇಂಗಾ ಹುರಿಯುವಾಗ ಮನೆ ತುಂಬುವ ಘಮ, ಎಲ್ಲವೂ ಅದೇ ಕ್ರಿಯೆ.

ಹಾಗಾಗಿ ಈ ಸಲದ ಟಿಪ್ಪಣಿ ನಮ್ಮ ಮಾತಿನಲ್ಲಿ. ಮೂಗಿಗೆ ಮೊದಲು ಹುರಿಹಿಟ್ಟು, ಆಮೇಲೆ ಎರಡು ದಿನದ ಕಡಕ್ ರೊಟ್ಟಿಯ ಅಂಚು. ನಾಲಿಗೆಗೆ ಒಲೆಯ ಮೇಲೆ ಬೆಲ್ಲ ಹಾಕಿ ತಿರುವುತ್ತಿರುವ ಹೂರಣ, ತಳ ಹತ್ತುವುದಕ್ಕೆ ಒಂದು ಗಳಿಗೆ ಮುಂಚಿನದು. ಗ್ಲಾಸು ಬೆಚ್ಚಗಾದ ಹಾಗೆ ಬೀಜ ತೆಗೆದ ಖರ್ಜೂರ, ಒಣದ್ರಾಕ್ಷಿ. ನುಂಗಿದ ಮೇಲೆ ಎದೆಯಲ್ಲಿ ಮೆಲ್ಲಗೆ ಹರಡುವ ಬಿಸಿ. ಸಿಹಿ ಬಾಯಿಯಲ್ಲಿ ಅಂಟಿಕೊಂಡು ಕೂರಲಿಲ್ಲ, ಕೊನೆಗೆ ಒಣಗಿ ಹೋಯಿತು. ಇಂಥ ಬಿಯರ್‌ನಲ್ಲಿ ನಾನು ಮೊದಲು ಹುಡುಕುವುದು ಈ ಒಣಗುವಿಕೆಯನ್ನೇ.

ತಪ್ಪುಗಳಿಗೂ ನಮ್ಮಲ್ಲಿ ಹೆಸರುಗಳಿವೆ. ಬೆಣ್ಣೆಯ ವಾಸನೆ ಬಂದರೆ ಯೀಸ್ಟ್‌ಗೆ ಕೆಲಸ ಮುಗಿಸಲು ಸಮಯ ಕೊಟ್ಟಿಲ್ಲ ಎಂದರ್ಥ. ಬೆಣ್ಣೆ ದಾವಣಗೆರೆ ದೋಸೆಯ ಮೇಲಿರಲಿ, ಇಲ್ಲಿ ಬೇಡ. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಕುದಿಸುವುದರಲ್ಲಿ ಅವಸರ ಮಾಡಿದ್ದಾರೆ. ಹರಪನಹಳ್ಳಿ ಸೀಮೆಯಲ್ಲಿ ಹುಟ್ಟಿದವರು ಆ ವಾಸನೆಯನ್ನು ನಿದ್ದೆಗಣ್ಣಲ್ಲೂ ಗುರುತಿಸುತ್ತಾರೆ. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿದೆ. ಸೀದ ವಾಸನೆ ಬಂದರೆ ಕಪ್ಪು ಬಣ್ಣಕ್ಕಾಗಿ ಕರಿ ಮಾಲ್ಟ್ ಸುರಿದಿದ್ದಾರೆ. ಹುರಿದದ್ದು ಬೇರೆ, ಸೀದದ್ದು ಬೇರೆ ಎಂದು ಒಲೆಯ ಮುಂದೆ ಕೂತ ಯಾರಿಗೂ ಹೇಳಿಕೊಡಬೇಕಿಲ್ಲ. ಗಂಟಲಲ್ಲಿ ಸಾರಾಯಿಯ ಉರಿ ಬಂದರೆ ನಾನು ಹಾಳೆಯನ್ನು ಅಲ್ಲಿಗೇ ಮಡಚಿಬಿಡುತ್ತೇನೆ.

ಈ ಉರಿಯಿಂದಲೇ ಹಳೆಯ ಜಗಳವೊಂದು ನೆನಪಾಯಿತು. ನಮ್ಮಲ್ಲಿ “ಸ್ಟ್ರಾಂಗ್” ಎನ್ನುವುದಕ್ಕೆ ಒಂದೇ ಅಳತೆ, ಆಲ್ಕೋಹಾಲ್. ನಿಯಮದ ಪ್ರಕಾರ ಶೇಕಡಾ 5 ದಾಟಿ 8ರವರೆಗಿದ್ದರೆ ಅದು ಸ್ಟ್ರಾಂಗ್. ಆ ಅಂಕಿ ಮುಟ್ಟಲು ಸಕ್ಕರೆ, ಅಕ್ಕಿ, ಮೆಕ್ಕೆಜೋಳ ಬಳಸುವುದು ರೂಢಿ. ನಶೆ ಏರುತ್ತದೆ, ಕಾಳು ಕಾಣೆಯಾಗಿರುತ್ತದೆ. ಜರ್ಮನಿಯವರು ಅಳೆಯುವುದು ಒಳಗೆ ಹೋದದ್ದನ್ನು. ಹುಳಿಯುವ ಮೊದಲು ನೂರು ಗ್ರಾಂ ರಸದಲ್ಲಿ ಕಾಳಿನ ಸಾರ ಎಷ್ಟು ಗ್ರಾಂ ಇದೆ ಎಂಬುದು ಅಲ್ಲಿಯ ಲೆಕ್ಕ. 16 ಇದ್ದರೆ ಬಾಕ್, 18 ಇದ್ದರೆ ಡೊಪ್ಪೆಲ್‌ಬಾಕ್. ಮಾಮೂಲಿ ಬಿಯರ್‌ನಲ್ಲಿ ಅದು 11, 12ರ ಸುತ್ತ. ಸಾಲ್ವಾಟರ್‌ನ ಆಲ್ಕೋಹಾಲ್ ಶೇಕಡಾ 7.9. ನಮ್ಮ ಅಂಗಡಿಯ ಸ್ಟ್ರಾಂಗ್‌ಗೂ ಇದಕ್ಕೂ ಅಂಕಿಯಲ್ಲಿ ಅಂತರವೇ ಇಲ್ಲವೆನ್ನಬಹುದು. ಎರಡನ್ನೂ ಒಂದೊಂದು ಗುಟುಕು ಕುಡಿದವರು ಮಾತ್ರ ಇವೆರಡನ್ನು ಒಂದೇ ಹೆಸರಿನಿಂದ ಕರೆಯಲಾರರು.

ಇನ್ನೊಂದು ಪಂಗಡ ಹಾಪ್ಸ್‌ನವರದು, ಬಿಯರ್‌ಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹೂವಿನವರದು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ ರುಚಿ ನೋಡುವ ಮೇಜಿಗೆ ನನ್ನನ್ನು ಕರೆದಿದ್ದರು. ಏಳು ಬಗೆಯಲ್ಲಿ ಐದು ಹಾಪ್ಸ್ ಸುರಿದ ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್. ಆರನೆಯದಾಗಿ ಬಂದ ಕಂದು ಲಾಗರ್‌ಗೆ ನಾನು ಹೆಚ್ಚು ಅಂಕ ಕೊಟ್ಟಾಗ ಪಕ್ಕದಲ್ಲಿದ್ದವರು, ಮಾಲ್ಟ್‌ನಲ್ಲಿ ಏನಿದೆ ಸರ್, ಅದು ಬರೀ ಹಿಟ್ಟು ಎಂದರು. ಅಂದು ಉತ್ತರ ಹೊಳೆಯಲಿಲ್ಲ. ಹಾಪ್ಸ್‌ನ ಕಹಿಯನ್ನು ಅಳೆಯುವ ಮಾಪನದಲ್ಲಿ ಐಪಿಎ 40ರಿಂದ 70ರವರೆಗೆ ಏರುತ್ತದೆ, ಡೊಪ್ಪೆಲ್‌ಬಾಕ್ 16ರಿಂದ 26ರೊಳಗೆ ಕೂರುತ್ತದೆ. ಹಾಪ್ಸ್‌ನ ಮೂಗು ಹೊಡೆಯುವ ಪರಿಮಳದ ಮುಂದೆ ಇದು ಸಪ್ಪೆ ಎನಿಸಿದರೆ ನಾನು ಬೈಯುವುದಿಲ್ಲ. ಆದರೆ ಬರೀ ಹಿಟ್ಟು ಎಂದ ಮಾತು ಮನಸ್ಸಿನಿಂದ ಹೋಗಲಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಮೊನ್ನೆ ಬುಧವಾರ, ಅದೂ ನಮ್ಮದೇ ಕಾವ್ಯದಲ್ಲಿ.

ತುಂಗಭದ್ರೆ ದಾಟಿದರೆ ಹಾವೇರಿ ಸೀಮೆ, ಕನಕದಾಸರ ಬಾಡ, ಕಾಗಿನೆಲೆ. ಅವರ ‘ರಾಮಧಾನ್ಯ ಚರಿತೆ’ಯನ್ನು ನಾನು ವರ್ಷಕ್ಕೊಮ್ಮೆಯಾದರೂ ಓದುತ್ತೇನೆ. ಅದರಲ್ಲಿ ನಡೆಯುವುದು ಕಾಳುಗಳ ತೀರ್ಪು. ಲಂಕೆಯಿಂದ ಮರಳುವ ರಾಮನಿಗೆ ಋಷಿಗಳ ಆಶ್ರಮದಲ್ಲಿ ಉಪಚಾರ. ಬಗೆಬಗೆಯ ಧಾನ್ಯದ ಅಡುಗೆ ಎದುರಿಗೆ ಬರುತ್ತದೆ. ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಏಳುತ್ತದೆ. ಒಬ್ಬೊಬ್ಬರು ಒಂದೊಂದನ್ನು ಹೊಗಳುತ್ತಿರುವಾಗ ಗೌತಮ ಋಷಿ ನರೆದಲೆಗನ ಹೆಸರು ಹೇಳುತ್ತಾನೆ. ನರೆದಲೆಗ ಎಂದರೆ ರಾಗಿ. ಭತ್ತಕ್ಕೆ ಸಿಟ್ಟು ಬರುತ್ತದೆ. ದೇವರ ನೈವೇದ್ಯಕ್ಕೆ, ಮದುವೆಗೆ, ಮಂತ್ರಾಕ್ಷತೆಗೆ ಬೇಕಾದವನು ನಾನು, ನನ್ನ ಸಮಕ್ಕೆ ಈ ಕರಿಯನನ್ನು ಕೂರಿಸುವುದೇ ಎಂದು ಹೀಯಾಳಿಸುತ್ತದೆ. ರಾಗಿ ಸುಮ್ಮನಿರುವುದಿಲ್ಲ. ಉಳ್ಳವರ ಬೆನ್ನು ಹಿಡಿದವನು ನೀನು, ಮಳೆ ಹೋದ ವರ್ಷ ನಿನ್ನ ಸುಳಿವೇ ಇರುವುದಿಲ್ಲ, ಆಗ ಲೋಕವನ್ನು ಸಾಕುವವನು ಯಾರು ಎಂದು ಕೇಳುತ್ತದೆ.

ರಾಮ ಅಲ್ಲಿ ಮಾಡುವ ಕೆಲಸ ನೋಡಿ. ರುಚಿ ನೋಡಿ ತೀರ್ಪು ಕೊಡಬಹುದಿತ್ತು, ಎಲ್ಲವೂ ಎದುರಿಗೇ ಇದ್ದವು. ಋಷಿಗಳ ಮತ ಎಣಿಸಬಹುದಿತ್ತು. ಎರಡನ್ನೂ ಮಾಡದೆ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದ ಮೇಲೆ ಸಭೆಗೆ ಕರೆಸಿದಾಗ ಭತ್ತ ಸೊರಗಿ ಶಕ್ತಿಗುಂದಿದೆ, ರಾಗಿ ಹೋದ ಹಾಗೆಯೇ ಗಟ್ಟಿಯಾಗಿ ಬಂದು ನಿಲ್ಲುತ್ತದೆ. ರಾಘವ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಈ ಭಾಮಿನಿ ಷಟ್ಪದಿಯನ್ನು ಬಡವ-ಬಲ್ಲಿದರ ಕತೆಯಾಗಿ ಎಲ್ಲರೂ ಓದಿದ್ದಾರೆ, ಅದು ಸರಿಯಾದ ಓದೇ. ಆಹಾರದ ತೀರ್ಪುಗಾರನಾಗಿ ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಕಾಳಿನ ಬಲ ಬಾಯಿಗಿಟ್ಟ ಕ್ಷಣದಲ್ಲಿ ತಿಳಿಯುವುದಿಲ್ಲ, ಕಾಲದ ಕೈಗೆ ಕೊಟ್ಟು ನೋಡಬೇಕು. ಹಗೇವಿನಲ್ಲಿ ರಾಗಿ ತುಂಬಿ ವರ್ಷಗಟ್ಟಲೆ ಕಾಯ್ದವರ ಅನುಭವ ಆ ತೀರ್ಪಿನ ಹಿಂದಿದೆ.

ಡೊಪ್ಪೆಲ್‌ಬಾಕ್ ಕೂಡ ಹಾಗೆ ಕಾಲದ ಕೈಗೆ ಕೊಟ್ಟ ಲಾಗರ್. ಲಾಗರ್ ಎಂಬ ಪದಕ್ಕೆ ಜರ್ಮನ್‌ನಲ್ಲಿ ಉಗ್ರಾಣ ಎಂದೇ ಅರ್ಥ. 1553ರಲ್ಲಿ ಬವೇರಿಯಾದಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಸಬಾರದೆಂದು ಆಜ್ಞೆಯಾಯಿತು, ಬೇಸಿಗೆಯಲ್ಲಿ ಮಾಡಿದ್ದು ಕೆಡುತ್ತಿತ್ತು. ಚಳಿಯಲ್ಲಿ ಮಾಡಿ ನೆಲಮಾಳಿಗೆಯ ತಂಪಿನಲ್ಲಿ ತಿಂಗಳುಗಟ್ಟಲೆ ಇಡಬೇಕಾಯಿತು. ಹಾಗೆ ಇಟ್ಟರೆ ತಾಳುವುದು ಕಾಳು ತುಂಬಿದ ಬಿಯರ್. ಮ್ಯೂನಿಕ್‌ನ ಪೌಲಾನರ್ ಸನ್ಯಾಸಿಗಳು ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗಾಗಿ ಇದನ್ನು ದಪ್ಪಗೆ ಮಾಡಿಕೊಂಡರು. ಊಟ ಬಿಟ್ಟವರಿಗೆ ಕುಡಿಯುವ ರೊಟ್ಟಿ ಅದು. ನಮ್ಮ ಹೊಲಗಳಲ್ಲಿ ಮಧ್ಯಾಹ್ನದವರೆಗೆ ಒಂದು ಚೊಂಬು ಅಂಬಲಿಯ ಮೇಲೆ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಹರಪನಹಳ್ಳಿ ತಾಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಮರಳಿ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅಂಬಲಿ ಎಲ್ಲಿಗೂ ಹೋಗಲಿಲ್ಲ.

ಈಗ ಹಾಪ್ಸ್‌ನವರಿಗೆ ಉತ್ತರ. ಹಾಪ್ಸ್ ಬಿಯರ್ ಕೆಡದಂತೆ ಕಾಯುತ್ತದೆ ನಿಜ. ಇಂಗ್ಲೆಂಡಿನಿಂದ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದ ಪೇಲ್ ಏಲ್‌ಗೆ ಅದಕ್ಕಾಗಿಯೇ ಹೆಚ್ಚು ಹಾಪ್ಸ್ ಹಾಕುತ್ತಿದ್ದರು. ಆದರೆ ಹಾಪ್ಸ್ ತನ್ನ ಪರಿಮಳವನ್ನು ತಾನು ಕಾಯಲಾರದು. ಐಪಿಎ ಬಾಟ್ಲಿಯನ್ನು ಆರು ತಿಂಗಳು ಸೆರೆಗೆ ಹಾಕಿ ನೋಡಿ, ಮೊದಲು ಹೋಗುವುದು ಯಾವುದಕ್ಕಾಗಿ ಕೊಂಡಿರೋ ಆ ಘಮವೇ. ಒಳ್ಳೆಯ ಡೊಪ್ಪೆಲ್‌ಬಾಕ್ ತಂಪಿನಲ್ಲಿ ಅಷ್ಟೇ ದಿನ ಇದ್ದು ಬಂದರೆ ಖರ್ಜೂರ ಇನ್ನಷ್ಟು ಮುಂದೆ ಬರುತ್ತದೆ, ಅಂಚುಗಳು ನುಣುಪಾಗುತ್ತವೆ. ಬರೀ ಹಿಟ್ಟಿನ ಶಕ್ತಿ ಅದು.

ನಮ್ಮ ಕಡೆ ಸೆರೆ ಅಂದರೆ ಕುಡಿಯುವುದೂ ಹೌದು, ಬಂದೀಖಾನೆಯೂ ಹೌದು. ಇದನ್ನು ಹೇಳಿದಾಗ ಸಣ್ಣಪ್ಪ ತಲೆಯಾಡಿಸಿ ಎರಡನೇ ಗುಟುಕು ತಗೊಂಡರು. ಅವರ ನಾಲಿಗೆ ಪಳಗಿದ್ದು ಈಚಲ ಹೆಂಡದ ಮೇಲೆ. 2004ರಲ್ಲಿ ನಮ್ಮ ಸೀಮೆಯಲ್ಲಿ ಹೆಂಡ ನಿಂತಿತು, ಆ ರುಚಿ ಅವರ ನೆನಪಿನಿಂದ ಹೋಗಿಲ್ಲ.

“ಹೆಂಡ ಹೊತ್ತು ಹುಟ್ಟೋದ್ರಾಗ ಕುಡೀಬೇಕಪಾ. ಮಧ್ಯಾಹ್ನಕ್ಕ ಹುಳಿ, ಸಂಜಿಗೆ ಚೆಲ್ಲೋದು. ಯಾವ ಮರದ್ದು ಅಂತ ವಾಸ್ನಿ ಮ್ಯಾಲೆ ಹೇಳ್ತಿದ್ವಿ. ಇದು ಹಂಗಲ್ಲ, ಇದು ಇಟ್ಟಷ್ಟು ಬರೋದು.”

ಗ್ಲಾಸು ಖಾಲಿಯಾದ ಮೇಲೆ ಹಾಳೆ ತುಂಬಿದೆ. ವಾಸನೆಗೆ 11, ನೋಟಕ್ಕೆ 3, ರುಚಿಗೆ 17, ಮೈಗೆ 4, ಒಟ್ಟಾರೆಗೆ 8. ಐವತ್ತಕ್ಕೆ 43. ಎರಡನೇ ಬಾಟ್ಲಿಯ ಮೇಲೆ ತಾರೀಖು ಬರೆದು ಫ್ರಿಜ್‌ನ ಕೆಳಗಿನ ಅಂಕಣದಲ್ಲಿ, ಬೆಳಕು ತಾಗದಂತೆ ಕಾಗದ ಸುತ್ತಿ ನಿಲ್ಲಿಸಿದ್ದೇನೆ. ಹೊಲದಲ್ಲಿ ರಾಗಿ ತೆನೆಗೆ ಹಾಲು ತುಂಬುವ ಹೊತ್ತಿಗೆ ತೆಗೆಯುತ್ತೇನೆ. ಅಷ್ಟರೊಳಗೆ ಸೆಲೆಬ್ರೇಟರ್ ಕಳಿಸುವುದಾಗಿ ಅಳಿಯ ಹೇಳಿ ಹೋಗಿದ್ದಾನೆ.

ಮುಂದಿನ ವಾರ ಈಚಲ ಹೆಂಡದ ವಾಸನೆಯ ಬಗ್ಗೆ. ಮರ ಮರಕ್ಕೆ ಹೇಗೆ ಬದಲಾಗುತ್ತಿತ್ತು ಎಂದು ಸಣ್ಣಪ್ಪ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ.