ಚಂದಾ ಕೊಟ್ಟು ಓದುವ ಯೂಸ್‌ನೆಟ್

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ಕಲ್ಪಿಸಿ, ಮರುವರ್ಷ ನೆರೆಯ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರೊಡನೆ ಸೇರಿ ಚಾಲನೆಗೆ ತಂದ ಯೂಸ್‌ನೆಟ್ ಎಂಬ ಚರ್ಚಾಜಾಲಕ್ಕೆ ಕೇಂದ್ರವೂ ಇಲ್ಲ, ಒಡೆಯನೂ ಇಲ್ಲ. ಒಂದು ಸುದ್ದಿಗುಂಪಿಗೆ, ಅಂದರೆ ಒಂದು ವಿಷಯಕ್ಕೆ ಮೀಸಲಾದ ಚರ್ಚಾಕಟ್ಟೆಗೆ, ಬರೆದು ಹಾಕಿದ ಬರಹವು ಸರ್ವರ್‌ನಿಂದ ಸರ್ವರ್‌ಗೆ ಪ್ರತಿಯಾಗುತ್ತ ಹರಡುತ್ತದೆ. ಹೀಗಿರುವಾಗ ಓದುಗ ತೆರುವ ಹಣ ಬರಹಕ್ಕಲ್ಲ, ಅದರ ಪ್ರತಿಯನ್ನು ಕಾಪಿಟ್ಟು ಬೇಕೆಂದಾಗ ಒದಗಿಸುವ ಉಗ್ರಾಣಕ್ಕೆ.

ಈ ಉಗ್ರಾಣ ಹಿಂದೆ ಇಂಟರ್‌ನೆಟ್ ಸಂಪರ್ಕದ ಜೊತೆಗೇ ಪುಕ್ಕಟೆಯಾಗಿ ಸಿಗುತ್ತಿತ್ತು. ಅಮೆರಿಕದಲ್ಲಿ ಇಂಟರ್‌ನೆಟ್ ಸಂಪರ್ಕ ಒದಗಿಸುತ್ತಿದ್ದ ಎಒಎಲ್ ಕಂಪನಿ 2005ರಲ್ಲಿ ಈ ಸೌಲಭ್ಯವನ್ನು ಕೈಬಿಟ್ಟಿತು; ಮಕ್ಕಳ ಅಶ್ಲೀಲ ಚಿತ್ರಗಳ ವಿರುದ್ಧ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಆಂಡ್ರ್ಯೂ ಕುವೊಮೊ 2008ರಲ್ಲಿ ಒತ್ತಡ ತಂದಾಗ ಅಲ್ಲಿನ ದೊಡ್ಡ ಕಂಪನಿಗಳು, ಕೆಲವು ಭಾಗಶಃ, ಕೆಲವು ಪೂರ್ತಿಯಾಗಿ, ಹಿಂದೆ ಸರಿದವು; 2010ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯವೇ ತನ್ನ ಸರ್ವರ್ ಮುಚ್ಚಿತು. ಜಾಲಪುಟದ ಮೂಲಕ ಓದಲು ಆಸರೆಯಾಗಿದ್ದ ಗೂಗಲ್ ಗ್ರೂಪ್ಸ್ ಕೂಡ 2024ರ ಫೆಬ್ರವರಿ 22ರಿಂದ ಹೊಸ ಬರಹಗಳಿಗೆ ಬಾಗಿಲು ಹಾಕಿದ್ದು, ಹೊರನಾಡ ಕನ್ನಡಿಗರು ಒಂದು ಕಾಲದಲ್ಲಿ ಕಲೆಯುತ್ತಿದ್ದ ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕದಂತಹ ಗುಂಪುಗಳ ಹಳೆಯ ಮಾತುಕತೆಯನ್ನಷ್ಟೇ ಅಲ್ಲಿ ಹುಡುಕಬಹುದು.

ಹಣ ಪಡೆಯುವ ಸೇವೆಗಳು ಎರಡು ಬಗೆಯ ಲೆಕ್ಕ ಇಟ್ಟುಕೊಂಡಿವೆ: ತಿಂಗಳ ಚಂದಾ ಒಂದು, ಇಂತಿಷ್ಟು ಗಿಗಾಬೈಟ್‌ಗೆ ಒಮ್ಮೆ ಹಣ ಕಟ್ಟಿ ಮುಗಿಯುವವರೆಗೆ ಬಳಸುವ ಬ್ಲಾಕ್ ಖಾತೆ ಇನ್ನೊಂದು. ಜಾಹೀರಾತುಗಳು ಸಾರುವುದು ರಿಟೆನ್ಷನ್ ಎಂಬ ಗುಣವನ್ನು, ಅಂದರೆ ಬರಹವೊಂದು ಎಷ್ಟು ದಿನ ಸರ್ವರ್‌ನಲ್ಲಿ ಉಳಿಯುತ್ತದೆಂಬುದನ್ನು. ಆದರೆ ಸಾವಿರಾರು ದಿನಗಳ ಈ ದಾಸ್ತಾನು ಬಹುಪಾಲು ಚರ್ಚೆಗಾಗಿ ಕಟ್ಟಿದ್ದಲ್ಲ. ಚಿತ್ರ, ಧ್ವನಿ, ಸಿನಿಮಾಗಳನ್ನು ತುಂಡು ಮಾಡಿ ಅಕ್ಷರಗಳ ವೇಷದಲ್ಲಿ ಸಾಗಿಸುವ ಬೈನರಿ ಗುಂಪುಗಳು ದಿನವೊಂದಕ್ಕೆ ನೂರಾರು ಟೆರಾಬೈಟ್ ಸುರಿಯುತ್ತವೆ, ಅದರಲ್ಲಿ ಕದ್ದ ಮಾಲೂ ಧಾರಾಳವಾಗಿದೆ. ಚರ್ಚೆಯ ಬರಹವಾದರೋ ಕೆಲವೇ ಕಿಲೋಬೈಟ್ ತೂಗುತ್ತದೆ. ವಾದ-ಪ್ರತಿವಾದಗಳನ್ನಷ್ಟೇ ಓದಬಯಸುವವರು ತಿಂಗಳ ಚಂದಾ ಕಟ್ಟಿದರೆ ಬೇರೆಯವರ ಸಿನಿಮಾ ಸಂಗ್ರಹಕ್ಕೆ ಬಾಡಿಗೆ ತೆತ್ತಂತಾಗುತ್ತದೆ. ಅವರಿಗೆ ಚಿಕ್ಕದೊಂದು ಬ್ಲಾಕ್ ಖಾತೆ ವರ್ಷಗಟ್ಟಲೆ ಬಾಳುತ್ತದೆ. ಅದಕ್ಕಿಂತಲೂ ಲೇಸಾದುದು ಬರ್ಲಿನ್‌ನ ಫ್ರೀ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, 2005ರಲ್ಲಿ ವರ್ಷಕ್ಕೆ 10 ಯೂರೋ ಚಂದಾ ಗೊತ್ತುಮಾಡಿದ, ಬೈನರಿಯನ್ನು ಹತ್ತಿರ ಸೇರಿಸದ ಇಂಡಿವಿಜುವಲ್.ನೆಟ್‌ನಂತಹ ಸೇವೆ. ಎಟರ್ನಲ್ ಸೆಪ್ಟೆಂಬರ್ ಎಂಬ ಸರ್ವರ್ ಇದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಿರುವಾಗ 10 ಯೂರೋ ಏಕೆಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯಲ್ಲಿ ಹುರುಳಿಲ್ಲದಿಲ್ಲ.

ಅಂಗಡಿಯ ಹೆಸರು ಬೇರೆಯಾದ ಮಾತ್ರಕ್ಕೆ ಉಗ್ರಾಣವೂ ಬೇರೆಯೆಂದು ನಂಬುವಂತಿಲ್ಲ, ಏಕೆಂದರೆ ಬೆನ್ನೆಲುಬಿನಂತಹ ಸರ್ವರ್‌ಗಳನ್ನು ಹೊಂದಿದ ಕಂಪನಿಗಳು ಬೆರಳೆಣಿಕೆಯಷ್ಟಿದ್ದು ಉಳಿದವರಲ್ಲಿ ಹೆಚ್ಚಿನವರು ಮರುಮಾರಾಟಗಾರರು. ಸುಳಿವು ಬೇಕಾದವರು ಪ್ರಯೋಗಕ್ಕೆಂದೇ ಇರುವ ಮಿಸ್ಕ್.ಟೆಸ್ಟ್ ಗುಂಪಿಗೆ ಒಂದು ಸಾಲು ಬರೆದುಹಾಕಿ, ಬೇರೊಂದು ಸರ್ವರ್‌ನಿಂದ ಅದನ್ನು ತೆರೆದು, ತಲೆಬರಹದಲ್ಲಿನ ‘ಪಾತ್’ ಸಾಲನ್ನು ನೋಡಬೇಕು. ಬರಹ ಹಾದುಹೋದ ಪ್ರತಿ ಸರ್ವರ್ ತನ್ನ ಹೆಸರನ್ನು ಎಡಗಡೆಗೆ ಸೇರಿಸಿ ಆಶ್ಚರ್ಯಸೂಚಕ ಚಿಹ್ನೆಯಿಂದ ಬೇರ್ಪಡಿಸುವುದರಿಂದ, ಆ ಸಾಲನ್ನು ಉರ್ದುವಿನಂತೆ ಬಲದಿಂದ ಎಡಕ್ಕೆ ಓದಿದರೆ ಬರಹ ಎಲ್ಲಿ ಹೊರಟಿತೆಂಬುದು ಸಾಮಾನ್ಯವಾಗಿ ತಿಳಿಯುತ್ತದೆ. ಎರಡು ಚಂದಾಗಳ ಮೂಲ ಒಂದೇ ಆಗಿದ್ದರೆ ಎರಡನೆಯದು ದಂಡ.

ರಿಯಾಯಿತಿಯ ಬೆನ್ನು ಹತ್ತಿ ಪದೇ ಪದೇ ಸೇವೆ ಬದಲಿಸುವವರಿಗೆ ಇನ್ನೊಂದು ತೊಡಕಿದೆ. ಮೆಸೇಜ್-ಐಡಿ ಎಂಬ ಗುರುತು ಲೋಕದ ಎಲ್ಲ ಸರ್ವರ್‌ಗಳಲ್ಲಿ ಒಂದೇ ಆಗಿದ್ದರೂ, ಬರಹಕ್ಕೆ ಗುಂಪಿನೊಳಗೆ ಸಿಗುವ ಕ್ರಮಸಂಖ್ಯೆಯನ್ನು ಆಯಾ ಸರ್ವರ್ ತನ್ನಷ್ಟಕ್ಕೆ ಕೊಡುತ್ತದೆ; ಪ್ಯಾನ್, ಎಸ್‌ಎಲ್‌ಆರ್‌ಎನ್ ಮೊದಲಾದ ಓದುವ ತಂತ್ರಾಂಶಗಳು ಎಷ್ಟು ಓದಿಯಾಗಿದೆ ಎಂಬುದನ್ನು ಆ ಕ್ರಮಸಂಖ್ಯೆಯಿಂದಲೇ ನೆನಪಿಡುತ್ತವೆ. ಹೊಸ ಸರ್ವರ್‌ಗೆ ಹೋದ ದಿನ ಹಳೆಯ ಗುರುತುಗಳು ಹೊಂದಿಕೆಯಾಗದೆ, ಎಂದೋ ಓದಿ ಮುಗಿಸಿದ ಚರ್ಚೆಗಳೆಲ್ಲ ಓದದ ರಾಶಿಯಾಗಿ ಮತ್ತೆ ಮುಂದೆ ಬಂದು ಬೀಳುತ್ತವೆ.