ತಿರುಗಿ ಬರಲು ಗೊತ್ತಿರಬೇಕು

ಶುಕ್ರವಾರ ರಾತ್ರಿ ಒಂಬತ್ತು ದಾಟಿದ ಮೇಲೆ ಹುಳಿಮಾವು ಗೇಟಿನಿಂದ ಅರೆಕೆರೆವರೆಗೆ ಬನ್ನೇರುಘಟ್ಟ ರಸ್ತೆಯ ಪಕ್ಕದಲ್ಲಿ ದಪ್ಪ ಬ್ಯಾಗು ಹೊತ್ತ ಗುಂಪುಗಳು ಕಾಣಿಸತೊಡಗುತ್ತವೆ. ಪಿ.ಜಿ.ಗಳ ಹುಡುಗ ಹುಡುಗಿಯರು, ಒಂದೇ ಆಫೀಸಿನ ನಾಲ್ಕಾರು ಗೆಳೆಯರು. ಟಿ.ಟಿ. (ಟೆಂಪೊ ಟ್ರಾವೆಲರ್) ಬಂದು ಹತ್ತಿಸಿಕೊಂಡು ಹೋದರೆ ಬೆಳಗಾಗುವುದು ಕುಕ್ಕೆ ಸುಬ್ರಹ್ಮಣ್ಯದಲ್ಲಿ. ಸೋಮವಾರ ಹತ್ತಕ್ಕೆ ಮತ್ತೆ ಲಾಗಿನ್. ಹುಳಿಮಾವಿನ ಪಾಲಿಗೆ ಬೆಟ್ಟವೆಂದರೆ ರಾಮಲಿಂಗೇಶ್ವರನ ಗುಹಾಂತರ ದೇವಸ್ಥಾನದ ಬಂಡೆಯೊಂದೇ. ಅದರೊಳಕ್ಕೆ ಹೋಗಿ ಕೈಮುಗಿದು ಬರಬಹುದು, ಹತ್ತಿದೆನೆಂದು ಹೇಳಿಕೊಳ್ಳುವಂತಿಲ್ಲ. ಹಾಗಾಗಿ ಘಟ್ಟದ ಕಡೆಗೆ ಮುಖ ಮಾಡುವುದು ಸಹಜ.

ಈ ವಾರಾಂತ್ಯದ ಚಾರಣವನ್ನು ಬಯ್ಯುವವರು ಸಾಮಾನ್ಯವಾಗಿ ಪ್ಲಾಸ್ಟಿಕ್ಕು, ಗಲಾಟೆ, ಸೆಲ್ಫಿಗಳ ಮಾತೆತ್ತುತ್ತಾರೆ. ಮಾತು ಸುಳ್ಳಲ್ಲ. 2024ರ ಜನವರಿ ಕೊನೆಯಲ್ಲಿ ಸುಬ್ರಹ್ಮಣ್ಯದಿಂದ ಏರುವ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದ ದೃಶ್ಯವನ್ನು ನಾಡೇ ನೋಡಿತು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಹಾಕಿತು. ಒಳ್ಳೆಯದೇ ಆಯಿತು. ಆದರೆ ನನ್ನ ತಕರಾರು ಬೇರೆ. ಈ ಚಾರಣ ನಡೆಯುವುದು ಕ್ಯಾಲೆಂಡರ್ ನೋಡಿ, ಆಕಾಶ ನೋಡಿ ಅಲ್ಲ. ಟಿಕೆಟ್ಟು, ಟಿ.ಟಿ., ಸೋಮವಾರದ ಮೀಟಿಂಗು ಎಲ್ಲವೂ ಮೊದಲೇ ಗೊತ್ತಾಗಿರುತ್ತವೆ. ಗೊತ್ತಿರದೆ ಉಳಿಯುವುದು ಮಳೆ ಮಾತ್ರ.

ಸುರಿಯುವ ಮುಂಗಾರಿನಲ್ಲಿ ಅರಣ್ಯ ಇಲಾಖೆ ದಾರಿಯನ್ನೇ ಮುಚ್ಚುತ್ತದೆ. ಗೇಟು ತೆರೆಯುವ ಅಕ್ಟೋಬರಿನಲ್ಲಿ ‘ಮಳೆ ಮುಗೀತು ಬಿಡು’ ಎಂದುಕೊಂಡು ಹೊರಡುವವರೇ ಹೆಚ್ಚು. ಅದು ಚಿತ್ತೆ, ಸ್ವಾತಿ ಮಳೆಗಳ ಕಾಲ. ರೈತರು ‘ಕುರುಡು ಚಿತ್ತೆ’ ಎಂದು ಸುಮ್ಮನೆ ಕರೆದಿಲ್ಲ. ಬೆಳಿಗ್ಗೆ ಅಪ್ಪಟ ನೀಲಿ ಆಕಾಶ, ಮಧ್ಯಾಹ್ನ ಮೂರಕ್ಕೆ ಗುಡುಗು ಸಿಡಿಲು. ಸುಬ್ರಹ್ಮಣ್ಯದಿಂದ ಗಿರಿಗದ್ದೆಯಲ್ಲಿ ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆವರೆಗೆ ದಟ್ಟ ಕಾಡಿನ ಏರು, ಅಲ್ಲಿಂದ ಕಲ್ಲು ಮಂಟಪ, ಶೇಷ ಪರ್ವತದ ಕಡೆಗೆ ಬೋಳು ಹುಲ್ಲುಗಾವಲು. ಸಿಡಿಲು ಬಡಿಯುವ ಹೊತ್ತಿನಲ್ಲಿ ಆ ಬೋಳುಗುಡ್ಡದ ಮೇಲೆ ಎತ್ತರದ ವಸ್ತು ಎಂದರೆ ಚಾರಣಿಗನೇ.

ಅಲ್ಲಿ ಗಾಳಿ ಎದ್ದರೆ ಏನಾಗುತ್ತದೆ ನೋಡಬೇಕು. ಪೇಟೆಯಲ್ಲಿ ಕೊಂಡ ತೆಳು ರೇನ್‌ಕೋಟು ಗಾಳಿ ತುಂಬಿಕೊಂಡು ಉಬ್ಬಿ ಆಳನ್ನೇ ಪಕ್ಕಕ್ಕೆ ಎಳೆಯುತ್ತದೆ. ಮಂಜು ಕವಿದ ಮೇಲೆ ಹಣೆಗೆ ಕಟ್ಟಿದ ಟಾರ್ಚಿನ ಬೆಳಕು ಕಣ್ಣೆದುರೇ ಬಿಳಿ ಗೋಡೆಯಾಗಿ ನಿಲ್ಲುತ್ತದೆ. ಅದನ್ನು ಬಿಚ್ಚಿ ಸೊಂಟದ ಮಟ್ಟಕ್ಕೆ ಹಿಡಿದರೆ ಮಾತ್ರ ಕಾಲ ಬುಡದ ಕಲ್ಲು ಕಾಣುತ್ತದೆ. ಜೀನ್ಸ್ ನೆನೆದು ಹೆಜ್ಜೆ ಎತ್ತಲಾಗದಷ್ಟು ಭಾರವಾಗುತ್ತದೆ. ಉಂಬಳಗಳು ಸಾಕ್ಸಿನ ನೇಯ್ಗೆಯೊಳಗೆ ನುಸುಳುತ್ತವೆ. ಉಂಬಳಕ್ಕೆ ಸುಣ್ಣ, ನಶ್ಯ, ಉಪ್ಪು ಉಂಟು. ಉಂಬಳ ಕಚ್ಚಿ ಯಾರೂ ಸಾಯುವುದಿಲ್ಲ. ಹೆದರಬೇಕಾದದ್ದು ಒದ್ದೆ ಬಟ್ಟೆಗೆ. ಮಲೆನಾಡಿನ ಹಳಬರು ಕಂಬಳಿ ಕೊಪ್ಪೆ ಹಾಕಿ ಗದ್ದೆಗೆ ಇಳಿಯುತ್ತಿದ್ದುದರ ಹಿಂದೆ ಗಟ್ಟಿ ಲೆಕ್ಕವಿತ್ತು: ಉಣ್ಣೆ ನೆನೆದರೂ ಮೈಬಿಸಿ ಉಳಿಸುತ್ತದೆ, ಹತ್ತಿ ಬಟ್ಟೆ ಅದನ್ನು ಹೀರಿ ಬಿಡುತ್ತದೆ.

ಕುಮಾರ ಪರ್ವತದ ಎತ್ತರ 1,712 ಮೀಟರ್. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎನ್ನುವ ಲೆಕ್ಕ ಹಿಡಿದರೆ ಸುಬ್ರಹ್ಮಣ್ಯದ ರಥಬೀದಿಗೂ ತುದಿಗೂ ಹತ್ತು ಡಿಗ್ರಿಯ ವ್ಯತ್ಯಾಸ. ಅದರ ಮೇಲೆ ಗಾಳಿ. ಚಳಿ ಹೊಕ್ಕವನು ಮೊದಲು ನಡುಗುತ್ತಾನೆ, ಆಮೇಲೆ ಮಾತು ತೊದಲುತ್ತದೆ, ಸಮದಾರಿಯಲ್ಲೇ ಎಡವುತ್ತಾನೆ. ಕೇಳಿದರೆ ‘ನಂಗೇನಾಗಿಲ್ಲ ಮಗಾ, ನಡಿ’ ಅಂತಾನೆ. ಗೆಳೆಯರು ನಗುತ್ತಾರೆ, ನಿದ್ದೆಗೆಟ್ಟಿದ್ದಾನೆ ಅಂದುಕೊಳ್ಳುತ್ತಾರೆ. ಟಿ.ಟಿ.ಯಲ್ಲಿ ರಾತ್ರಿಯಿಡೀ ಹಾಡಿಕೊಂಡು ಬಂದವರಲ್ಲಿ ನಿದ್ದೆಗೆಡದವರು ಯಾರು?

2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣದಲ್ಲಿ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ, ಕರ್ನಾಟಕದ 9 ಮಂದಿ ತೀರಿಕೊಂಡರು. 13 ಜನರನ್ನು ಉಳಿಸಿಕೊಳ್ಳಲಾಯಿತು. ಹಲವು ಬೆಟ್ಟ ಹತ್ತಿಳಿದ ಹಿರಿಯರು ಆ ತಂಡದಲ್ಲಿದ್ದರು. ನಾಲ್ಕು ಸಾವಿರ ಮೀಟರಿನ ಆ ಎತ್ತರವನ್ನು ನಮ್ಮ ಘಟ್ಟಕ್ಕೆ ಹೋಲಿಸುವುದು ತಪ್ಪು, ಹೋದವರನ್ನು ದೂರುವುದು ಅದಕ್ಕಿಂತ ತಪ್ಪು. ಪಳಗಿದವರನ್ನೂ ಹವಾಮಾನ ಬಿಡದೆ ಇದ್ದಾಗ ಮೊದಲ ಸಲ ಬೂಟು ಕಟ್ಟಿದವರ ಗುಂಪು ಎಷ್ಟು ಎಚ್ಚರ ವಹಿಸಬೇಕು ಎನ್ನುವುದಷ್ಟೇ ನನ್ನ ಪ್ರಶ್ನೆ.

ಹಾಗೆಂದು ಈ ಅಭ್ಯಾಸವನ್ನೇ ತಳ್ಳಿಹಾಕಲು ಮನಸ್ಸಿಲ್ಲ. ಭಟ್ಟರ ಮನೆಯ ಅನ್ನ, ಸಾಂಬಾರು, ಮಜ್ಜಿಗೆಗೆ ಪಂಕ್ತಿಯಲ್ಲಿ ಕೂತವರ ಮುಖದಲ್ಲಿ ಒಂದು ಹಿಗ್ಗಿರುತ್ತದೆ. ಅದು ಮಾಲಿನ ಫುಡ್ ಕೋರ್ಟಿನಲ್ಲಿ ಸಿಗುವಂಥದ್ದಲ್ಲ. ಮಳೆ ನಿಲ್ಲಲೆಂದು ಜಗಲಿಯಲ್ಲಿ ಕಾಯುತ್ತ ಕೂತ ಗೆಳೆಯರು ವರ್ಷಗಳಿಂದ ಆಡದ ಮಾತು ಆಡುತ್ತಾರೆ. ನನ್ನ ಮಟ್ಟಿಗೆ ಇಡೀ ಚಾರಣದ ಸಾರವೇ ಆ ಕಾಯುವಿಕೆ. ಆಯೋಜಕರು ಮಾರುವುದು ಮಾತ್ರ ತುದಿಯನ್ನು, ಸೂರ್ಯೋದಯವನ್ನು. ‘ಸಮಿಟ್ ಆಗಲಿಲ್ಲ’ ಎಂದರೆ ದುಡ್ಡು ದಂಡವಾಯಿತೆಂದು ಮುಖ ಊದಿಸುವವರಿದ್ದಾರೆ. ತಂಡದ ಹಿಂದೆ ಉಳಿದ, ಕಾಲು ನೋಯುವ ಆ ಒಬ್ಬನನ್ನು ಎಲ್ಲರೂ ಹೇಗೆ ಕಂಡರು ಎನ್ನುವುದರ ಮೇಲೆ ಚಾರಣಕ್ಕೆ ಅಂಕ ಕೊಡಬೇಕು. ಈ ಅಳತೆಯಲ್ಲಿ ನಮ್ಮ ಬಹುಪಾಲು ವಾರಾಂತ್ಯದ ತಂಡಗಳು ನಪಾಸು: ಮುಂದಿದ್ದವರು ಫೋಟೊ ತೆಗೆಸಿಕೊಂಡು ಇಳಿಯುವಾಗ ಹಿಂದಿದ್ದವನು ಇನ್ನೂ ಒಬ್ಬನೇ ಏರುತ್ತಿರುತ್ತಾನೆ.

ಮುಂದಿನ ಶುಕ್ರವಾರ ಹೊರಡುವವರು ದುಡ್ಡು ಕಟ್ಟುವ ಮುಂಚೆ ಆಯೋಜಕರನ್ನು ಒಂದು ಮಾತು ಕೇಳಿ: ಎಷ್ಟು ಗಂಟೆಗೆ, ಯಾವ ಜಾಗದಿಂದ ಹಿಂದಕ್ಕೆ ತಿರುಗುತ್ತೇವೆ? ಅದಕ್ಕೆ ಖಚಿತವಾದ ಉತ್ತರ ಬರದಿದ್ದರೆ ಆ ಟಿ.ಟಿ. ಹತ್ತಬೇಡಿ.